ಚಿಪ್‌ನ ಮೇಲೆ ಹೊರಿಸಿದ ತಪ್ಪು

ಅರೆವಾಹಕ ಸಾಧನಗಳಲ್ಲಿ ಪಿಎಚ್‌ಡಿ ಮಾಡಿದ ನಾನು ಎಕ್ಸ್-ರೇ ಖಗೋಳವಿಜ್ಞಾನಕ್ಕೆ ಬಂದದ್ದು ಆಕಾಶದ ಮೋಹದಿಂದಲ್ಲ. ಅಲ್ಲಿ ಸಿಲಿಕಾನ್ ಡಿಟೆಕ್ಟರ್‌ಗಳನ್ನು ಪರೀಕ್ಷಿಸುವವರು ಬೇಕಾಗಿದ್ದರು. ಮೊದಮೊದಲು ನನಗೆ ಒಗ್ಗದೆ ಹೋದದ್ದು ಅಲ್ಲಿನ ಅಳತೆ. ಡಯೋಡ್‌ನಲ್ಲಿ ಒಂದು ನ್ಯಾನೊಆಂಪಿಯರ್ ಸೋರಿಕೆ, ಅಂದರೆ ಬೆಳಕು ಬೀಳದಿದ್ದಾಗಲೂ ಹರಿಯುವ ವಿದ್ಯುತ್ತು, ಕಂಡರೆ ಪರವಾಗಿಲ್ಲ ಎಂದು ಮುಂದೆ ಹೋಗುತ್ತಿದ್ದವನು ನಾನು. ಅಷ್ಟು ಸೋರಿಕೆ ಎಂದರೆ ಸೆಕೆಂಡಿಗೆ ಆರುನೂರು ಕೋಟಿಗೂ ಮಿಕ್ಕ ಎಲೆಕ್ಟ್ರಾನ್‌ಗಳು. ನಾವು ಪರೀಕ್ಷೆಗೆ ಬಳಸುವ ಕಬ್ಬಿಣ-55 ಎಂಬ ವಿಕಿರಣಶೀಲ ಮೂಲದಿಂದ ಬರುವ 5.9 ಕೆಇವಿ (ಸಾವಿರ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಎಕ್ಸ್-ರೇ ಫೋಟಾನ್ ಸಿಲಿಕಾನ್‌ನಲ್ಲಿ ಬಿಡಿಸುವುದು ಸುಮಾರು 1,600 ಎಲೆಕ್ಟ್ರಾನ್‌ಗಳನ್ನು ಮಾತ್ರ. ಒಂದೇ ಶಕ್ತಿಯ ಆ ಫೋಟಾನ್‌ಗಳು ನಕ್ಷೆಯಲ್ಲಿ ಒಂದು ಚೂಪಾದ ರೋಹಿತ ರೇಖೆಯಾಗಿ ಕಾಣಬೇಕು, ಆದರೆ ಸಿಲಿಕಾನ್‌ನ ಸ್ವಭಾವವೇ ಅದನ್ನು ಸುಮಾರು 120 ಇವಿ (ಎಲೆಕ್ಟ್ರಾನ್ ವೋಲ್ಟ್) ಅಗಲವಾಗಿಸುತ್ತದೆ; ಅದಕ್ಕಿಂತ ಹೆಚ್ಚಿನ ಅಗಲಕ್ಕೆ ನಾವೇ ಹೊಣೆ.

ಒಮ್ಮೆ ಆ ರೇಖೆ ವಿಪರೀತ ಅಗಲವಾಗಿ ಬರತೊಡಗಿತು. ಸೋರಿಕೆ ಹೆಚ್ಚಿದರೆ ರೇಖೆ ಅಗಲವಾಗುತ್ತದೆ; ಚಿಪ್‌ನೊಳಗಿನ ದೋಷಗಳಿಂದ ಸೋರಿಕೆ ಹೆಚ್ಚುತ್ತದೆ. ಆ ದೋಷಗಳ ಬಗ್ಗೆಯೇ ಪ್ರಬಂಧ ಬರೆದಿದ್ದ ನನಗೆ ಬೇರೆ ಅನುಮಾನವೇ ಬರಲಿಲ್ಲ. ಮೂರು ವಾರ ಚಿಪ್‌ಗಳನ್ನು ಬದಲಿಸಿದೆ, ಇನ್ನಷ್ಟು ತಣಿಸಿದೆ. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಏಳೆಂಟು ಡಿಗ್ರಿ ತಣಿಸಿದರೆ ಸೋರಿಕೆ ಅರ್ಧಕ್ಕಿಳಿಯುತ್ತದೆ, ಇನ್ನೂ ಕೆಳಗೆ ಹೋದಂತೆ ಮತ್ತಷ್ಟು ಬೇಗ ಕುಸಿಯಬೇಕು. ನಮ್ಮ ನಕ್ಷೆಯಲ್ಲಿ ಅದು ಒಂದು ಹಂತದವರೆಗೆ ಇಳಿದು, ಆಮೇಲೆ ಚಪ್ಪಟೆಯಾಗಿ ನಿಂತುಬಿಟ್ಟಿತ್ತು. ಉಷ್ಣತೆಗೆ ಜಗ್ಗದ ವಿದ್ಯುತ್ತು ಉಷ್ಣದಿಂದ ಹುಟ್ಟಿದ್ದಲ್ಲ ಎಂದು ತರಗತಿಯಲ್ಲಿ ಪಾಠ ಹೇಳಿದವನೇ ನಾನು. ಆ ಚಪ್ಪಟೆ ಗೆರೆಯನ್ನು ದಿನಾ ನೋಡುತ್ತಲೇ ಇದ್ದೆ.

ವ್ಯಾಕ್ಯೂಮ್ ಚೇಂಬರ್ ನೋಡಿಕೊಳ್ಳುತ್ತಿದ್ದ ತಂತ್ರಜ್ಞರು ಒಂದು ಸಂಜೆ, "ಸಾರ್, ಫಿಲಮೆಂಟ್ ಸುಮ್ಮನೆ ಸವೀತಿದೆ, ಅಯಾನ್ ಗೇಜ್ ಆಫ್ ಮಾಡಿದ್ದೀನಿ, ರೀಡಿಂಗ್ ಬೇಕಿದ್ರೆ ಹೇಳಿ" ಎಂದು ಹೇಳಿ ಮನೆಗೆ ಹೊರಟರು. ಅಯಾನ್ ಗೇಜ್ ಎಂದರೆ ಕಾದ ತಂತಿಯ ನೆರವಿನಿಂದ ಚೇಂಬರ್‌ನ ನಿರ್ವಾತವನ್ನು ಅಳೆಯುವ ಮಾಪಕ. ಅಂದು ರಾತ್ರಿಯ ಅಳತೆಯಲ್ಲಿ ಸೋರಿಕೆ ಕುಸಿದಿತ್ತು. ಗೇಜ್‌ನ ಕಾದ ತಂತಿಯ ಬೆಳಕು ಪೈಪಿನ ತಿರುವಿನಲ್ಲಿ ಪ್ರತಿಫಲಿಸಿ ಚಿಪ್ ಮೇಲೆ ಬಿದ್ದು ವಿದ್ಯುತ್ತು ಹುಟ್ಟಿಸುತ್ತಿತ್ತು; ಅದನ್ನೇ ನಾನು ಸೋರಿಕೆ ಎಂದುಕೊಂಡಿದ್ದೆ. ಆಕಾಶಕ್ಕೆ ಹೋಗುವ ಇಂಥ ಡಿಟೆಕ್ಟರ್‌ಗಳ ಮುಂದೆ ಗೋಚರ ಬೆಳಕನ್ನು ತಡೆಯಲು ತೆಳುವಾದ ಅಲ್ಯೂಮಿನಿಯಂ ಪದರವಿರುವ ಫಿಲ್ಟರ್ ಇರುತ್ತದೆ. ನಮ್ಮದಕ್ಕೆ ಅದನ್ನಿನ್ನೂ ಕೂರಿಸಿರಲಿಲ್ಲ.

ಇದಕ್ಕಿಂತ ಎಷ್ಟೋ ದೊಡ್ಡ ಪ್ರಮಾಣದಲ್ಲಿ ಇಂಥದ್ದೇ ಒಂದು ಸಂಗತಿ ನಾಸಾದ 'ಚಂದ್ರ' ಎಕ್ಸ್-ರೇ ಬಾಹ್ಯಾಕಾಶ ದೂರದರ್ಶಕದಲ್ಲಿ ನಡೆದಿತ್ತು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರ ಹೆಸರು ಹೊತ್ತ ಆ ದೂರದರ್ಶಕ 1999ರ ಜುಲೈ 23ರಂದು ಹಾರಿತು. ಕೆಲವೇ ವಾರಗಳಲ್ಲಿ ಅದರ ಸಿಸಿಡಿಗಳು, ಅಂದರೆ ಚಿತ್ರ ಹಿಡಿಯುವ ಸಿಲಿಕಾನ್ ಚಿಪ್‌ಗಳು, ಕೆಡತೊಡಗಿದವು. ಎಕ್ಸ್-ರೇಗಳನ್ನು ಓರೆಯಾಗಿ ತಾಗಿಸಿ ಒಂದೆಡೆ ಸೇರಿಸಲು ನಯಗೊಳಿಸಿದ ಕನ್ನಡಿಗಳು ಭೂಮಿಯ ವಿಕಿರಣ ಪಟ್ಟಿಯ ಕಡಿಮೆ ಶಕ್ತಿಯ ಪ್ರೋಟಾನ್‌ಗಳನ್ನೂ ಹಾಗೆಯೇ ಚದುರಿಸಿ ಚಿಪ್‌ಗಳತ್ತ ಕಳಿಸಿದ್ದವು. ಹತ್ತು ಚಿಪ್‌ಗಳಲ್ಲಿ ಮುಂಬದಿಯಿಂದ ಬೆಳಕು ಪಡೆಯುವ ಎಂಟಕ್ಕೆ ಏಟು ಬಿತ್ತು; ಹಿಂಬದಿಯಿಂದ ಪಡೆಯುವ ಎರಡಕ್ಕೆ ಸಿಲಿಕಾನ್‌ನ ದಪ್ಪವೇ ಗುರಾಣಿಯಾಯಿತು. ಕನ್ನಡಿ ಮಾಡಿದ್ದರಲ್ಲೂ ತಪ್ಪಿರಲಿಲ್ಲ, ಚಿಪ್ ಮಾಡಿದ್ದರಲ್ಲೂ ತಪ್ಪಿರಲಿಲ್ಲ. ಆಮೇಲೆ ವಿಕಿರಣ ಪಟ್ಟಿ ದಾಟುವಾಗಲೆಲ್ಲ ಚಿಪ್‌ಗಳಿರುವ ಉಪಕರಣವನ್ನು ನಾಭಿಯಿಂದ, ಅಂದರೆ ಕನ್ನಡಿಗಳು ಕಿರಣಗಳನ್ನು ಸೇರಿಸುವ ಜಾಗದಿಂದ, ಸರಿಸಿಡುವ ಪದ್ಧತಿ ತಂದರು.

ನಮ್ಮ ಪರೀಕ್ಷಾ ಪಟ್ಟಿಯ ಮೊದಲ ಸಾಲಿನಲ್ಲಿ ಈಗ "ಗೇಜ್ ಆಫ್" ಎಂದಿದೆ. ಆ ಮೂರು ವಾರಗಳಲ್ಲಿ "ದೋಷವಿದೆ" ಎಂದು ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿದ್ದ ಎರಡು ಚಿಪ್‌ಗಳನ್ನು ಹೊರತೆಗೆದು ಮತ್ತೆ ಅಳೆದೆ. ಒಂದು ಸರಿಯಾಗಿತ್ತು, ಇನ್ನೊಂದು ನಿಜಕ್ಕೂ ಕೆಟ್ಟಿತ್ತು.