ಬೆಳಗಾವಿಯ ಸೈಕಲ್ ಅಂಗಡಿಯಿಂದ ಹರಿಹರದ ಲೇತ್‌ವರೆಗೆ

ಕಿರ್ಲೋಸ್ಕರ್ ಎಂದೊಡನೆ ಪುಣೆ ನೆನಪಾಗುವುದು ಈಗ ವಾಡಿಕೆಯಾಗಿದೆ. ಆದರೆ ಆ ಸಂಸ್ಥೆ ಹುಟ್ಟಿದ್ದು ಬೆಳಗಾವಿಯಲ್ಲಿ. ಅದನ್ನು ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಕೂಡ ಇದೇ ಊರಿನವರು. ಒಂದು ಸಣ್ಣ ಊರು ಅತ್ತ ರಂಗಭೂಮಿಗೂ ಇತ್ತ ಕಾರ್ಖಾನೆಗೂ ಒಬ್ಬೊಬ್ಬರನ್ನು ಕೊಟ್ಟಿದೆಯೆಂಬುದು ನಮ್ಮಲ್ಲೇ ಅನೇಕರಿಗೆ ತಿಳಿದಿಲ್ಲ.

ಚಿತ್ರಕಲೆ ಕಲಿಯಲೆಂದು ಮುಂಬೈಯ ಜೆ.ಜೆ. ಕಲಾಶಾಲೆಗೆ ಹೋದ ಲಕ್ಷ್ಮಣರಾಯರಿಗೆ ಕೆಲವು ಬಣ್ಣಗಳು ಸರಿಯಾಗಿ ಕಾಣಿಸುತ್ತಿರಲಿಲ್ಲ. ಹೀಗಾಗಿ ಅವರು ಬಣ್ಣವನ್ನು ಬಿಟ್ಟು ಯಂತ್ರಗಳ ರೇಖಾಚಿತ್ರದ ಕಡೆಗೆ ತಿರುಗಿದರು. ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸಿದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಆ ಕೆಲಸವನ್ನೂ ಬಿಟ್ಟು ಊರ ಕಡೆ ಹೊರಟರು. ಅಣ್ಣ ರಾಮಣ್ಣನವರೊಡನೆ ಬೆಳಗಾವಿಯಲ್ಲಿ ನಡೆಸುತ್ತಿದ್ದ ಸೈಕಲ್ ಅಂಗಡಿಯೇ ಈ ಉದ್ಯಮದ ಮೂಲ. ಸಂಸ್ಥೆಯವರು ತಮ್ಮ ವಯಸ್ಸನ್ನು 1888ರಿಂದ ಎಣಿಸುತ್ತಾರೆ. ಸೈಕಲ್ ಮಾರಿದರೆ ಸಾಲದು, ಕೊಂಡವರಿಗೆ ಅದನ್ನು ಹತ್ತಿ ಓಡಿಸುವುದನ್ನೂ ಕಲಿಸಬೇಕಾಗಿದ್ದ ಕಾಲವದು.

ಸೈಕಲ್ಲಿನಿಂದ ಅವರು ಮೇವು ಕತ್ತರಿಸುವ ಯಂತ್ರಕ್ಕೆ, ಅಲ್ಲಿಂದ ಕಬ್ಬಿಣದ ನೇಗಿಲಿಗೆ ಬಂದರು. ಈ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಸೆಳೆಯುವುದು ಈ ನೇಗಿಲೇ. ಕಟ್ಟಿಗೆಯ ರಂಟೆ ನೆಲವನ್ನು ಸೀಳುತ್ತದೆ, ಮಣ್ಣನ್ನು ಮಗುಚುವುದಿಲ್ಲ. ಆಳಕ್ಕೆ ಬೇರಿಳಿಸಿದ ಕರಿಕೆ ಹಬ್ಬಿದ ಎರೆಹೊಲದಲ್ಲಿ ಅದರ ಆಟ ನಡೆಯುವುದಿಲ್ಲ. ಕಬ್ಬಿಣದ ನೇಗಿಲಿನ ಬಾಗಿದ ರೆಕ್ಕೆಯಾದರೋ ಹೆಂಟೆಯನ್ನು ಎತ್ತಿ ಮಗ್ಗುಲಿಗೆ ಉರುಳಿಸಿ, ಬೇರನ್ನು ಬಿಸಿಲಿಗೆ ಒಡ್ಡುತ್ತದೆ. ಇಷ್ಟಾದರೂ ರೈತರು ಅದನ್ನು ಕೊಳ್ಳಲಿಲ್ಲ. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆ ಎಂಬುದು ಅವರ ಅಂಜಿಕೆಯಾಗಿತ್ತು; ಮೊದಲ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷ ಹಿಡಿಯಿತೆಂದು ಹೇಳುತ್ತಾರೆ. ಆ ರೈತರನ್ನು ಮೂಢರೆಂದು ನಗುವುದು ಸುಲಭ. ಆದರೆ ಎತ್ತು, ಬೀಜ, ಸಾಲ ಎಲ್ಲವೂ ಒಂದೇ ಮಳೆಗಾಲದ ಮೇಲೆ ನಿಂತಿರುವಾಗ, ಕಾಣದ ಸಾಮಾನನ್ನು ಹೊಲಕ್ಕಿಳಿಸಲು ಹಿಂಜರಿಯುವುದು ಲೆಕ್ಕಾಚಾರದ ಮಾತೇ ಹೊರತು ಬರಿಯ ಮೂಢನಂಬಿಕೆಯಲ್ಲ. ತಯಾರಕನ ಕಷ್ಟವೂ ಸಣ್ಣದಲ್ಲ. ನೆಲ ಸೀಳುವ ಮೊನೆಯಾದ ಎರಕದ ಕುಳ ಮೆತ್ತಗಿದ್ದರೆ ಬೇಗ ಸವೆಯುತ್ತದೆ, ಅತಿ ಗಡುಸಾದರೆ ಕಲ್ಲಿಗೆ ತಾಗಿ ಮುರಿಯುತ್ತದೆ. ಈ ಎರಡರ ನಡುವಿನ ಹದ ಹಿಡಿಯದ ಹೊರತು ಅದನ್ನು ಒಮ್ಮೆ ಕೊಂಡ ರೈತ ಮತ್ತೆ ಬರುವುದಿಲ್ಲ.

ನೇಗಿಲಿಗೆ ಗಿರಾಕಿಗಳು ಸಿಗತೊಡಗಿದ್ದ ಹೊತ್ತಿನಲ್ಲಿ, ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿಯ ಪುರಸಭೆ ಆಜ್ಞೆ ಮಾಡಿತು. ಈಗಿನ ಮಹಾರಾಷ್ಟ್ರದಲ್ಲಿದ್ದ ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ ಪಂತ ಪ್ರತಿನಿಧಿಯವರು 10,000 ರೂಪಾಯಿ ಸಾಲವನ್ನೂ, ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ 32 ಎಕರೆ ಬಂಜರು ಭೂಮಿಯನ್ನೂ ಕೊಟ್ಟರು. 1910ರಲ್ಲಿ ಪಾಪಾಸುಕಳ್ಳಿ ಕಡಿದು, ಹಾವುಗಳ ಕಾಟ ಸಹಿಸಿ ಎಬ್ಬಿಸಿದ ಆ ಊರೇ ಕಿರ್ಲೋಸ್ಕರವಾಡಿ. ಕಾವಲಿಗೆಂದು ಜೈಲು ಕಂಡುಬಂದವರನ್ನೇ ನೇಮಿಸಿಕೊಂಡ ಲಕ್ಷ್ಮಣರಾಯರ ಧೈರ್ಯವನ್ನು ಇಂದಿನ ಯಾವ ಕಂಪನಿಯೂ ತೋರಲಾರದು. ಒಂದು ಬಡಾವಣೆಯ ನಕ್ಷೆಗಾಗಿ ಬೆಳಗಾವಿ ತನ್ನ ಕೈಯಲ್ಲಿದ್ದ ಉದ್ಯಮವನ್ನು ಕಳೆದುಕೊಂಡಿತು ಎಂದೇ ನಾನು ಇದನ್ನು ಓದುತ್ತೇನೆ. ಊರಿಗೆ ಉಳಿದದ್ದು ಕಿರ್ಲೋಸ್ಕರ್ ರಸ್ತೆಯೆಂಬ ಹೆಸರು ಮಾತ್ರ.

ಮೊದಲ ಮಹಾಯುದ್ಧದ ಕಾಲದಲ್ಲಿ ಕಚ್ಚಾ ಕಬ್ಬಿಣ ಸಿಗದಾದಾಗ, ಕೊಲ್ಲಾಪುರದ ಶಾಹೂ ಮಹಾರಾಜರು ಕೋಟೆಯಲ್ಲಿ ಬಿದ್ದಿದ್ದ ಹಳೆಯ ಫಿರಂಗಿಗಳನ್ನು ಕರಗಿಸಲು ಕೊಟ್ಟರು. ಫಿರಂಗಿ ನೇಗಿಲಾಗುವುದು ಪುರಾಣದ ಮಾತಿನಂತೆ ಕೇಳಿದರೂ, ಎರಕದ ಮನೆಯವರಿಗೆ ಅದು ಆ ವರ್ಷದ ಕಬ್ಬಿಣದ ದಾಸ್ತಾನು, ಅಷ್ಟೇ. 1920ರಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಅಮೆರಿಕದ ಎಂ.ಐ.ಟಿ.ಯಲ್ಲಿ ಓದಿ ಬಂದ ಮಗ ಶಂತನುರಾಯರ ಕಾಲದಲ್ಲಿ ಪಂಪು, ಎಂಜಿನ್‌ಗಳ ಕಡೆಗೆ ಸಂಸ್ಥೆಯ ಗಮನ ಹರಿಯಿತು. 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್ಸ್, ಬೆಂಗಳೂರಿನಲ್ಲಿ ಎಲೆಕ್ಟ್ರಿಕ್ ಕಂಪನಿ ಶುರುವಾದವು. ಬಿಡದಿಯ ಟೊಯೊಟಾ ಕಾರ್ಖಾನೆಯ ಪಾಲುದಾರಿಕೆ ತೀರ ಈಚಿನದು.

ಇವಕ್ಕೂ ಮೊದಲೇ, 1941ರಲ್ಲಿ, ಆಗಿನ ಮೈಸೂರು ಸಂಸ್ಥಾನದ ಗಡಿಯೂರಾದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸ್ಥಾಪನೆಯಾಗಿತ್ತು. ಅದು ತಯಾರಿಸುತ್ತಿದ್ದುದು ಲೋಹದ ತುಂಡನ್ನು ತಿರುಗಿಸುತ್ತ ಕೊರೆದು ಆಕಾರ ಕೊಡುವ ಲೇತ್ ಮುಂತಾದ ಯಂತ್ರೋಪಕರಣಗಳನ್ನು, ಅಂದರೆ ಬೇರೆ ಯಂತ್ರಗಳನ್ನು ಹುಟ್ಟಿಸುವ ಯಂತ್ರಗಳನ್ನು. ನೇಗಿಲು ಮಾರಿದ್ದಕ್ಕಿಂತ ಇದು ದೊಡ್ಡ ಹೆಜ್ಜೆಯೆಂದು ನನ್ನ ಎಣಿಕೆ. ಮಧ್ಯ ಕರ್ನಾಟಕದ ಎಷ್ಟೋ ಮಂದಿ ಟರ್ನರ್, ಫಿಟ್ಟರ್‌ಗಳ ಕೈ ಪಳಗಿದ್ದು ಅಲ್ಲಿ. 1991ರ ನಂತರ ಮಾರುಕಟ್ಟೆ ತೆರೆದುಕೊಂಡು, ಗಣಕದ ಆಣತಿಯಂತೆ ನಡೆಯುವ ಯಂತ್ರಗಳು ಹೊರಗಿನಿಂದ ಬರತೊಡಗಿದ ಮೇಲೆ ಹಳೆಯ ಬಗೆಯ ಲೇತ್‌ಗೆ ಬೇಡಿಕೆ ಕುಗ್ಗಿತು; ಹೊಸ ಶತಮಾನದ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಆದರೆ ನಮ್ಮ ಕಡೆಯ ಸಣ್ಣ ವರ್ಕ್‌ಶಾಪುಗಳಲ್ಲಿ ಹರಿಹರದ ಲೇತ್‌ಗಳು ಇನ್ನೂ ಓಡುತ್ತಿವೆ. ಲೇತ್‌ನ ತಳದ ಸವೆದ ಬೆಡ್ಡನ್ನು ಗ್ರೈಂಡಿಂಗ್ ಮಾಡಿಸಿ, ಗೇರುಗಳನ್ನು ಸ್ಥಳೀಯವಾಗಿ ಕೊರೆಸಿ ಹಾಕಿಕೊಂಡು, ಪಂಪಿನ ಶಾಫ್ಟನ್ನೋ ಟ್ರ್ಯಾಕ್ಟರಿನ ಬುಷ್ಷನ್ನೋ ಅದರ ಮೇಲೆಯೇ ತಿರುವುತ್ತಾರೆ. ಹಳೆಯ ಯಂತ್ರಗಳ ವ್ಯಾಪಾರದಲ್ಲಿ ಅವಕ್ಕೆ ಇಂದಿಗೂ ಗಿರಾಕಿಗಳಿದ್ದಾರೆ.