ನಾರ್ತ್ ವೀಲ್ಡ್‌ನಲ್ಲಿ ಅಪ್ಪನ ಇಂಜಿನ್

ಲಂಡನ್ನಿನ ಸೆಂಟ್ರಲ್ ಲೈನ್ ರೈಲು ಎಪ್ಪಿಂಗ್‌ನಲ್ಲಿ ಮುಗಿಯುತ್ತದೆ. ಅಲ್ಲಿಂದ ಬಸ್ಸು ಹಿಡಿದು ನಾರ್ತ್ ವೀಲ್ಡ್‌ಗೆ ಹೋದೆವು. ಊರು ಚಿಕ್ಕದು, ಏರ್‌ಫೀಲ್ಡ್ ದೊಡ್ಡದು. 1940ರಲ್ಲಿ ಜರ್ಮನ್ ವಿಮಾನಗಳನ್ನು ಎದುರಿಸಲು ಬ್ರಿಟನ್ನಿನ ಹರಿಕೇನ್ ಯುದ್ಧವಿಮಾನಗಳು ಹಾರುತ್ತಿದ್ದ ಜಾಗ ಇದು. ನಾವು ಹೋಗಿದ್ದು ನ್ಯಾಟ್ ಎಂಬ ಹಳೆಯ ಜೆಟ್ ವಿಮಾನ ನೋಡೋಕೆ.

ಅಪ್ಪ ಬೆಂಗಳೂರಿನ ಎಚ್‌ಎಎಲ್ ಇಂಜಿನ್ ವಿಭಾಗದಲ್ಲಿ ಕೆಲಸ ಮಾಡಿದವರು. ಆರ್ಫಿಯಸ್ ಇಂಜಿನ್ ತಯಾರಿಸಲೆಂದೇ 1957ರಲ್ಲಿ ಶುರುವಾದ ವಿಭಾಗ ಅದು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ಯುದ್ಧವಿಮಾನಗಳನ್ನು ಕಾಡಿದ ನ್ಯಾಟ್‌ಗೂ, ಆಮೇಲೆ ಬೀದರ್‌ನ ಸೂರ್ಯಕಿರಣ ತಂಡ ಹಾರಿಸಿದ ಕಿರಣ್ ವಿಮಾನಕ್ಕೂ ಇದೇ ಆರ್ಫಿಯಸ್. ಯಲಹಂಕದಲ್ಲಿ ಕಿರಣ್ ತಲೆಯ ಮೇಲೆ ಹಾದಾಗಲೆಲ್ಲ ಅಪ್ಪ 'ಇಂಜಿನ್ ನಮ್ದೇ' ಅನ್ನುತ್ತಿದ್ದರು.

ಇಲ್ಲಿನ ನ್ಯಾಟ್ ಪ್ರದರ್ಶನ ತಂಡದ ವಿಮಾನಗಳು ಎರಡು ಸೀಟಿನ ತರಬೇತಿ ಜೆಟ್‌ಗಳು. ಒಂದಕ್ಕೆ ಹಳದಿ ಬಣ್ಣ. 1964ರಲ್ಲಿದ್ದ ಬ್ರಿಟಿಷ್ ವಾಯುಪಡೆಯ ಯೆಲ್ಲೋಜ್ಯಾಕ್ಸ್ ಪ್ರದರ್ಶನ ತಂಡದ ನೆನಪಿಗೆ ಅದು. ಇನ್ನೊಂದಕ್ಕೆ ಅದೇ ವಾಯುಪಡೆಯ ಪ್ರದರ್ಶನ ತಂಡ ರೆಡ್ ಆರೋಸ್‌ನ ಕೆಂಪು. ರೆಡ್ ಆರೋಸ್ 1965ರಿಂದ 1979ರವರೆಗೆ ಹಾರಿಸಿದ್ದು ನ್ಯಾಟ್‌ಗಳನ್ನೇ.

ಹತ್ತಿರ ಹೋದಾಗ ನನಗೆ ನಂಬೋಕೇ ಆಗಲಿಲ್ಲ. ಎಷ್ಟು ಪುಟ್ಟದು! ರೆಕ್ಕೆಯ ತುದಿಯಿಂದ ತುದಿಗೆ ಬರೀ 24 ಅಡಿ. ನ್ಯಾಟ್ ಅಂದರೆ ನೊರಜು ಅಲ್ವಾ, ಸರಿಯಾದ ಹೆಸರು. ಜೆಟ್‌ಗಳು ವರ್ಷ ವರ್ಷಕ್ಕೆ ಭಾರವೂ ದುಬಾರಿಯೂ ಆಗುತ್ತಿದ್ದುದನ್ನು ನೋಡಿ, ಇದರ ವಿನ್ಯಾಸಕ ಟೆಡ್ಡಿ ಪೆಟ್ಟರ್ ಬೇಕೆಂದೇ ಚಿಕ್ಕದು ಮಾಡಿದ. ಗಾಳಿಗೆ ಅಡ್ಡ ಹಿಡಿದು ವೇಗ ಇಳಿಸೋಕೆ ಬೇರೆ ಬ್ರೇಕ್ ಕೂಡ ಇಡಲಿಲ್ಲ. ಚಕ್ರಗಳನ್ನೇ ಬಾಗಿಲ ಸಮೇತ ಅರ್ಧ ಇಳಿಸಿದರೆ ಆಯಿತು! ನನಗೆ ಇಂಥ ಜಾಣತನ ಬಲು ಇಷ್ಟ.

ಅಪ್ಪ ಬಣ್ಣದ ಕಡೆ ನೋಡಲೇ ಇಲ್ಲ. ಹಿಂದೆ ಕೈ ಕಟ್ಟಿಕೊಂಡು, ಬಗ್ಗಿ, ಹೊಗೆ ಬರುವ ಬಾಯಿಯ ಒಳಗೆ ಇಣುಕಿದರು. 'ಒಳಗೆ ಏಳು ಕ್ಯಾನ್ ಇರ್ತವೆ, ಸುತ್ತಲೂ. ಅಲ್ಲೇ ಸೀಮೆಎಣ್ಣೆ ಉರಿಯೋದು. ಶಾಫ್ಟ್‌ಗೆ ಎರಡೇ ಬೇರಿಂಗ್. ಇಷ್ಟು ಸರಳ ಇಂಜಿನ್ ಮತ್ತೆ ಬರಲಿಲ್ಲ ಕಣೋ.' ಮನೆಯಲ್ಲಿ ಇದನ್ನೆಲ್ಲ ಯಾವತ್ತೂ ಹೇಳಿದವರಲ್ಲ.

ಹೊರಗಿನ ಯಂತ್ರದಿಂದ ಪೈಪಿನಲ್ಲಿ ಗಾಳಿ ಕೊಟ್ಟು ಇಂಜಿನ್ ಶುರು ಮಾಡಿದರು. ಮೊದಲು ಸಣ್ಣ ಸಿಳ್ಳೆ, ಆಮೇಲೆ ಎದೆ ನಡುಗಿಸುವ ಸದ್ದು. ಅಪ್ಪ ಕಣ್ಣು ಮುಚ್ಚಿ ನಿಂತಿದ್ದರು. ಹಳದಿ, ಕೆಂಪು ಎರಡೂ ಜೊತೆಯಾಗಿ ಏರಿದವು. ವಾಲಿ ತಿರುಗಿದಾಗ ಒಂದರ ನೆರಳು ಇನ್ನೊಂದರ ರೆಕ್ಕೆ ಮೇಲೆ ಬೀಳುವಷ್ಟು ಹತ್ತಿರ.

ಇಳಿದು ಬಂದ ಮೇಲೆ, ತಂಡದವರನ್ನು ಕೇಳಿ ಅಪ್ಪ ಬಾಲದ ಹತ್ತಿರ ಹೋದರು. ಲೋಹ ತಣ್ಣಗಾಗುತ್ತಾ ಟಿಕ್ ಟಿಕ್ ಅನ್ನುತ್ತಿತ್ತು. ಸ್ವಲ್ಪ ದೂರದಲ್ಲೇ ಅಂಗೈ ಹಿಡಿದು, 'ಬಾ, ನೀನೂ ಕೈ ಕಾಯಿಸ್ಕೋ' ಎಂದು ಕರೆದರು.