ದೇವಕಣಕ್ಕೆ ಎತ್ತು ಕಟ್ಟಿದ್ದು

ನಮ್ಮ ಬಿಎಸ್ಸಿ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಆರು ಜನ. ಭೌತಶಾಸ್ತ್ರ ಓದಿದ್ದೆವು ಅನ್ನುವುದಕ್ಕೆ ಉಳಿದಿರುವ ಸಾಕ್ಷಿ ಅಲ್ಲಿನ ಜೋಕುಗಳಷ್ಟೇ. ಭೌತವಿಜ್ಞಾನಿ ಶ್ರೋಡಿಂಗರ್ 1935ರಲ್ಲಿ ಬರೀ ಕಲ್ಪನೆಯಲ್ಲೇ ಪೆಟ್ಟಿಗೆಗೆ ಹಾಕಿದ, ತೆರೆದು ನೋಡುವ ತನಕ ಬದುಕಿಯೂ ಸತ್ತೂ ಇರುವ ಬೆಕ್ಕು ತಿಂಗಳಿಗೊಮ್ಮೆಯಾದರೂ ಬರುತ್ತದೆ. ಪಾಪ, ಅದು ಇದೆಯೋ ಸತ್ತಿದೆಯೋ ಅಂತ ಈಗ ಯಾರೂ ಕೇಳುವುದಿಲ್ಲ.

ನನಗೆ ಇಷ್ಟವಾದದ್ದು ಗುಂಪಿಗಿಂತ ಹಳೆಯದು. 2012ರ ಜುಲೈನಲ್ಲಿ ಯುರೋಪಿನ ಕಣವಿಜ್ಞಾನ ಪ್ರಯೋಗಾಲಯ ಸರ್ನ್‌ನವರು, ಬಹುಕಾಲದಿಂದ ಹುಡುಕುತ್ತಿದ್ದ ಹಿಗ್ಸ್ ಬೋಸಾನ್‌ನಂಥ ಸೂಕ್ಷ್ಮ ಕಣ ಸಿಕ್ಕಿತು ಎಂದರು. ಪೇಪರಿನಲ್ಲೆಲ್ಲ 'ದೇವಕಣ'. ಒಬ್ಬನ ಎಸ್ಸೆಮ್ಮೆಸ್ ಬಂತು: "ದೇವರೂ ಕಣಕ್ಕಿಳಿದನಂತೆ. ಯಾವ ಪಕ್ಷ?"

ಇನ್ನೊಬ್ಬ ರಾಗಿ ಬೆಳೆಯುವ ಮನೆಯವನು. ಹಳೆಯ ರೆಕಾರ್ಡ್ ಪುಸ್ತಕದ ಹಾಳೆಯಲ್ಲಿ ಚಿತ್ರ ಬರೆದು ತಂದ. ಪ್ರೋಟಾನ್‌ಗಳನ್ನು ಓಡಿಸಿ ಡಿಕ್ಕಿ ಹೊಡೆಸಲು ಸರ್ನ್‌ನವರದು ಜಿನೀವಾ ಹತ್ತಿರ ನೆಲದಡಿ 27 ಕಿಲೋಮೀಟರ್ ಸುತ್ತಳತೆಯ ಸುರಂಗ ಇದೆಯಲ್ಲ, ಅದರೊಳಗೆ ಪ್ರೋಟಾನ್ ಬದಲು ಎರಡು ಜೋಡಿ ಎತ್ತುಗಳು ಎದುರುಬದುರಾಗಿ ಓಡುತ್ತಿವೆ. ನಡುವೆ ಒಕ್ಕಣೆ ಕಣದ ಮೇಟಿ. ತಲೆಗೆ ಟವೆಲ್ ಸುತ್ತಿದ ವಿಜ್ಞಾನಿ ಮೊರ ಎತ್ತಿ ತೂರುತ್ತಿದ್ದಾನೆ. ಕೆಳಗೆ ಬರಹ: "ಹೊಟ್ಟು ಜಾಸ್ತಿ, ಕಾಳು ಒಂದೇ."

ನಕ್ಕು ಮುಗಿದ ಮೇಲೆ ಅನ್ನಿಸಿತು, ಇದು ಸುಮ್ನೆ ತಮಾಷೆಯಲ್ಲ. ಅಲ್ಲಿ ಸೆಕೆಂಡಿಗೆ ಕೋಟಿಗಟ್ಟಲೆ ಡಿಕ್ಕಿ ಆಗುತ್ತವೆ. ಹೆಚ್ಚಿನದನ್ನೆಲ್ಲ ಯಂತ್ರಗಳೇ ಆಗಿಂದಾಗಲೇ ತೂರಿ ಬಿಸಾಡುತ್ತವೆ. ಉಳಿದ ಚೂರಿನಲ್ಲಿ ಕಾಳು ಹುಡುಕಬೇಕು. ನಮ್ಮ ಮೇಷ್ಟ್ರು ಹೀಗೆ ಹೇಳಿದ್ದರೆ ನಾನು ಇನ್ನೂ ನಾಲ್ಕು ಅಂಕ ತೆಗೆಯುತ್ತಿದ್ದೆನೇನೋ.

ಚಿತ್ರವನ್ನು ಅವನ ಅಪ್ಪನಿಗೂ ತೋರಿಸಿದೆವು. ಅವರು ನಗಲೇ ಇಲ್ಲ. "ಎದುರುಬದುರು ಬಿಟ್ರೆ ಎತ್ತು ಕಾಲು ಮುರ್ಕೊಳ್ತವೆ ಕಣೋ" ಎಂದರು.

ಆ 'ಕಣೋ' ಹಿಡಿದುಕೊಂಡು ಇನ್ನೊಂದು ವಾರ ತಮಾಷೆ ನಡೆಯಿತು.